ಬಂಗಾರಪ್ಪ ನಿಜವಾಗಿ ವಕೀಲರಾ?

ಸಾರ್, ನೀವು ಕೇಳಿದ್ದು ಎರಡು: ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ನಿಜಕ್ಕೂ ವಕೀಲರಾಗಿದ್ದರಾ? ಅಷ್ಟು ಪಕ್ಷ ಬದಲಾಯಿಸಿಯೂ ಹೇಗೆ ಗೆಲ್ಲುತ್ತಿದ್ದರು?

ಹೌದು, ಕಾನೂನು ಓದಿದವರೇ. ಊರು ಸೊರಬ ತಾಲ್ಲೂಕಿನ ಕುಬಟೂರು. ರಾಜಕೀಯಕ್ಕೆ ಬಂದದ್ದು ಸಮಾಜವಾದಿ ಬಳಗದಿಂದ. 1967ರಿಂದ 1994ರವರೆಗೆ ಏಳು ಸಲ ಸತತವಾಗಿ ಸೊರಬದಿಂದ ಶಾಸಕರಾದರು. ಅಲ್ಲಿ ಜನ ಚಿಹ್ನೆ ನೋಡುತ್ತಿರಲಿಲ್ಲ, ಆಳು ನೋಡುತ್ತಿದ್ದರು. ಗೇಣಿದಾರರು, ಅವರದೇ ಸಮುದಾಯದ ದೀವರು ಅವರನ್ನು ನಮ್ಮವರು ಅಂದುಕೊಂಡಿದ್ದರು. ನನ್ನ ಪ್ರಕಾರ ಗುಟ್ಟು ಅಷ್ಟೇ.

1990ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದರು. ಆಶ್ರಯ ಮನೆ, ಹಳ್ಳಿ ಗುಡಿಗಳಿಗೆ ಆರಾಧನಾ, ಕುಶಲಕರ್ಮಿಗಳಿಗೆ ವಿಶ್ವ ಯೋಜನೆ, ಎಲ್ಲ ಆಗಿನವೇ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಿ ಅಂದಾಗ, ಆ ಆದೇಶ ತಡೆಯಲು ಸುಗ್ರೀವಾಜ್ಞೆ ಹೊರಡಿಸಿದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಕೀಲರಿಗೆ ಇದು ಮೊದಲೇ ಗೊತ್ತಿರಲಿಲ್ಲವಾ ಅಂತ ಈಗಲೂ ಕೇಳುವವರಿದ್ದಾರೆ! ಆದರೆ ಜನರ ಮನಸ್ಸಲ್ಲಿ ಅದು ಜಾಸ್ತಿ ಉಳಿಯಿತು, ಅಲ್ವಾ?

1992ರ ನವೆಂಬರ್‌ನಲ್ಲಿ ಕುರ್ಚಿ ಹೋಯಿತು. ಆಮೇಲೆ ಸ್ವಂತ ಪಕ್ಷ, ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ. ಶಿವಮೊಗ್ಗದಿಂದ ಸಂಸದರೂ ಆದರು. 2009ರಲ್ಲಿ ಅಲ್ಲೇ ಯಡಿಯೂರಪ್ಪನವರ ಮಗ, ಬಿಜೆಪಿಯ ಬಿ.ವೈ. ರಾಘವೇಂದ್ರ ಎದುರು ಸೋತರು. ತೀರಿಕೊಂಡದ್ದು 2011ರ ಡಿಸೆಂಬರ್‌ನಲ್ಲಿ.