ಮುಚ್ಚಿಡುವುದಿಲ್ಲ ಎಂಬ ಒಪ್ಪಂದ: ಲಿಯೋನ್‌ಗೆ ಹೊರಟ ವಿದ್ಯಾರ್ಥಿನಿಯ ಆಪ್ತಸಲಹೆ ಪ್ರಕರಣ

ವಿದ್ಯಾರ್ಥಿನಿಯ ಹಾಗೂ ಆಕೆಯ ತಂದೆತಾಯಿಯ ಒಪ್ಪಿಗೆ ಪಡೆದು, ಊರು, ಕಾಲೇಜು, ಮನೆಯವರ ವೃತ್ತಿ ಮುಂತಾದ ಗುರುತುಗಳನ್ನೆಲ್ಲ ಬದಲಾಯಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ವಿದೇಶಕ್ಕೆ ಓದಲು ಹೊರಟ ಮಕ್ಕಳ ಮನೆಗಳಲ್ಲಿ ಸಾಂಬಾರ್ ಪುಡಿಯಿಂದ ಉಣ್ಣೆಯ ಟೋಪಿಯವರೆಗೆ ಎಲ್ಲದರ ಸಿದ್ಧತೆಯೂ ನಡೆಯುತ್ತದೆ. ಆದರೆ ದೂರದಲ್ಲಿದ್ದಾಗ ಒಬ್ಬರಿಗೊಬ್ಬರು ಏನನ್ನು ಹೇಳಬೇಕು, ಯಾವಾಗ ಹೇಳಬೇಕು ಎಂಬ ಮಾತುಕತೆ ಮಾತ್ರ ನಡೆಯುವುದು ಅಪರೂಪ. ಈ ಮನೆಯಲ್ಲಿ ಆ ಮಾತುಕತೆ ನಡೆಯುವವರೆಗೆ ಉಳಿದ ಯಾವ ಸಿದ್ಧತೆಯೂ ಮುಂದೆ ಸಾಗಲಿಲ್ಲ.

ವಿದ್ಯಾರ್ಥಿನಿಗೆ ಇಪ್ಪತ್ತೊಂದು ವರ್ಷ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ತಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ, ತಾಯಿಗೆ ಸಕ್ಕರೆ ಕಾಯಿಲೆ ಇದೆ, ತಮ್ಮ ಪದವಿಯ ಮೊದಲ ವರ್ಷದಲ್ಲಿದ್ದಾನೆ. ಕಾಲೇಜಿನ ವಿನಿಮಯ ಕಾರ್ಯಕ್ರಮದಲ್ಲಿ ಎರಡು ಸೆಮಿಸ್ಟರುಗಳನ್ನು ಫ್ರಾನ್ಸಿನ ಲಿಯೋನ್ ನಗರದಲ್ಲಿ ಓದಲು ಆಕೆ ಆಯ್ಕೆಯಾಗಿದ್ದಳು. ಬೋಧನಾ ಶುಲ್ಕವನ್ನು ಇಲ್ಲಿಯೇ ಕಟ್ಟುವ ವ್ಯವಸ್ಥೆಯಿತ್ತು. ಅಲ್ಲಿನ ಊಟ, ವಸತಿ, ಓಡಾಟದ ಖರ್ಚು ಮನೆಯವರದು. ಫ್ರೆಂಚ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟವನ್ನು ತಾನಾಗಿಯೇ ಶ್ರಮಪಟ್ಟು ಮುಟ್ಟಿದ್ದಳು. ತರಗತಿಗಳು ಸೆಪ್ಟೆಂಬರಿನಲ್ಲಿ ಆರಂಭವಾಗಲಿದ್ದವು. ಆಕೆ ನನ್ನ ಬಳಿ ಬಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಎದೆ ಡವಡವ ಎನ್ನುತ್ತದೆ, ಊಟ ಸೇರುವುದಿಲ್ಲ ಎಂಬುದು ಆಕೆಯ ದೂರು. ಖಿನ್ನತೆಯ ಲಕ್ಷಣಗಳಿಗಾಗಿ ವಿಚಾರಿಸಿದೆ, ಆತ್ಮಹಾನಿಯ ಯೋಚನೆಗಳ ಬಗ್ಗೆಯೂ ನೇರವಾಗಿ ಕೇಳಿದೆ, ಅಂಥದ್ದು ಕಾಣಲಿಲ್ಲ. ಓದಿನಲ್ಲಿ, ಗೆಳತಿಯರಲ್ಲಿ ಆಸಕ್ತಿ ಹಾಗೆಯೇ ಇತ್ತು. ಕಳವಳವೆಲ್ಲ ಪ್ರಯಾಣದ ಸುತ್ತಲೇ ಸುತ್ತುತ್ತಿತ್ತು.

ಹೊಸ ದೇಶ, ಹೊಸ ಭಾಷೆ ಎಂದರೆ ಭಯ ಸಹಜ ಎಂದು ಎಲ್ಲರೂ ಹೇಳಿದ್ದರು. ನನಗೆ ಸೂಚನೆ ಸಿಕ್ಕಿದ್ದು ಆಕೆ ಜೊತೆಗೆ ತಂದಿದ್ದ ಪ್ಲಾಸ್ಟಿಕ್ ಫೈಲಿನಿಂದ. ಪ್ರತಿಯೊಂದು ಖಾನೆಗೂ ಬಣ್ಣದ ಚೀಟಿ ಅಂಟಿಸಿ, ಸಣ್ಣ ದುಂಡು ಅಕ್ಷರಗಳಲ್ಲಿ ಹೆಸರು ಬರೆದಿದ್ದಳು. ಪಾಸ್‌ಪೋರ್ಟ್ ಪ್ರತಿ, ಪ್ರವೇಶ ಪತ್ರ, ಫ್ರಾನ್ಸಿಗೆ ಓದಲು ಹೋಗುವವರ ಅರ್ಜಿ ನೋಡುವ ಕ್ಯಾಂಪಸ್ ಫ್ರಾನ್ಸ್ ಸಂಸ್ಥೆಯ ಸಂದರ್ಶನ ಮುಗಿದ ದಾಖಲೆ, ಅಂಕಪಟ್ಟಿಗಳು, ಜನನ ಪ್ರಮಾಣಪತ್ರ ಎಲ್ಲವೂ ತುಂಬಿದ್ದವು. ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು ಇರುವ ತೊಡಕಿಗೂ ಅಫಿಡವಿಟ್ ಮಾಡಿಸಿಟ್ಟಿದ್ದಳು. ‘ಅಪ್ಪನ ಬ್ಯಾಂಕ್’ ಎಂದು ಬರೆದ ಖಾನೆಯೊಂದು ಮಾತ್ರ ಖಾಲಿಯಿತ್ತು. ವಸತಿಯ ಅರ್ಜಿಯೂ ತುಂಬಿಸಿದ ಸ್ಥಿತಿಯಲ್ಲಿ, ಕಳುಹಿಸದೆ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಸೋಮಾರಿತನವಿರುವವರ ಫೈಲು ಹೀಗಿರುವುದಿಲ್ಲ.

ಫ್ರಾನ್ಸಿನ ವಿದ್ಯಾರ್ಥಿ ವೀಸಾ ಕೋರುವವರು ತಿಂಗಳಿಗೆ ಕನಿಷ್ಠ 615 ಯೂರೋ ವೆಚ್ಚ ಭರಿಸಬಲ್ಲೆವೆಂದು ತೋರಿಸಬೇಕು. ಅದಕ್ಕಾಗಿ ತಂದೆಯ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಬೇಕಿತ್ತು. ಕೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಅಂಗಡಿಯ ವ್ಯಾಪಾರ ಇಳಿದಿದೆಯೆಂಬ ಅನುಮಾನ ಇತ್ತು. ಯಾವ ಎಫ್‌ಡಿ ಮುರಿಯುತ್ತಾರೆ, ಯಾರ ಬಳಿ ಸಾಲ ಎತ್ತುತ್ತಾರೆ ಎಂಬುದನ್ನು ತಂದೆ ಎಂದೂ ಹೇಳಿದವರಲ್ಲ. “ಕೇಳಿದ್ರೆ ‘ನೀನು ಓದೋದು ನೋಡು ಪುಟ್ಟಿ, ದುಡ್ಡಿನ ಚಿಂತೆ ನಿನಗ್ಯಾಕೆ’ ಅಂತಾರೆ ಮೇಡಂ. ಅವರು ಹಾಗಂದಾಗಲೇ ನನಗೆ ಜಾಸ್ತಿ ಭಯ ಆಗೋದು,” ಎಂದಳು.

ಈ ಭಯದ ಬೇರು ಇನ್ನೂ ಹಿಂದಿತ್ತು. ಆಕೆ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾಗ, ಆಕೆಯನ್ನು ಸಾಕಿ ಬೆಳೆಸಿದ ಅಜ್ಜಿ ತೀರಿಕೊಂಡಿದ್ದರು. ಹಾಸ್ಟೆಲಿನಲ್ಲಿದ್ದ ಮಗಳಿಗೆ ಯಾರೂ ತಿಳಿಸಲಿಲ್ಲ. ಕೊನೆಯ ಪರೀಕ್ಷೆ ಮುಗಿಸಿ ಊರಿಗೆ ಬಂದವಳು ನಡುಮನೆಗೆ ಕಾಲಿಟ್ಟಾಗ ಅಜ್ಜಿಯ ಮಂಚ ಇದ್ದ ಜಾಗ ಬರಿದಾಗಿತ್ತು. ವಿಷಯ ಗೊತ್ತಾದದ್ದು ಹಾಗೆ. ಅತ್ತದ್ದು ಆಯಿತು, ತಿಥಿ ಆಯಿತು, ಒಳ್ಳೆಯ ಅಂಕಗಳೂ ಬಂದವು, ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಆದರೆ ಅಂದಿನಿಂದ, ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದ್ದೀವಿ’ ಎಂಬ ಮಾತು ಕೇಳಿದಾಗಲೆಲ್ಲ ಅದನ್ನು ನಂಬಲು ಆಕೆಗೆ ಸಾಧ್ಯವಾಗಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ಅನುಮಾನ ಬಂದರೆ ಶನಿವಾರ ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಿ ಬರುತ್ತಿದ್ದಳು. ಲಿಯೋನ್‌ನಿಂದ ಹಾಗೆ ಬರಲಾಗದು. ಆಕೆ ಹೆದರುತ್ತಿದ್ದುದು ಫ್ರಾನ್ಸಿಗಲ್ಲ, ತನಗೆ ತಿಳಿಯದಂತೆ ತನ್ನ ಮನೆಯಲ್ಲಿ ಆಗಬಹುದಾದ ಘಟನೆಗಳಿಗೆ ಎಂಬುದು ಆಕೆಗೇ ಸ್ಪಷ್ಟವಾದದ್ದು ಈ ಪ್ರಸಂಗವನ್ನು ಹೇಳಿ ಮುಗಿಸಿದ ಮೇಲೆ.

ಆಕೆಯ ಅನುಮತಿ ಪಡೆದು, ಯಾವ ವಿಷಯವನ್ನು ನಾನು ಎತ್ತಬಹುದು, ಯಾವುದನ್ನು ಆಕೆಯೇ ಹೇಳಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ತಂದೆತಾಯಿಯನ್ನು ಕರೆಸಿದೆ. ತಂದೆ ಕಡಿಮೆ ಮಾತಿನವರು. ಅಜ್ಜಿಯ ವಿಷಯ ಬಂದಾಗ ಅವರು, “ಹೇಳಿದ್ರೆ ಅವಳು ಪರೀಕ್ಷೆ ಬರೀತಿದ್ಲಾ ಮೇಡಂ? ಎಲ್ಲಾ ಬಿಟ್ಟು ಓಡಿ ಬರ್ತಿದ್ಲು,” ಎಂದರು. ಮಗಳು ತಲೆ ತಗ್ಗಿಸಿಕೊಂಡೇ, “ಬರ್ತಿದ್ದೆ ಅಪ್ಪ. ಬಂದು ಅಜ್ಜಿ ಮುಖ ನೋಡಿ, ವಾಪಸ್ ಹೋಗಿ ಬರೀತಿದ್ದೆ,” ಎಂದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂದೆ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ ಮಗಳಿಗೆ ಫೋನ್ ಮಾಡುವ ಧೈರ್ಯವೇ ತಮಗಿರಲಿಲ್ಲ ಎಂದು ಹೇಳಿದರು. ಮಗಳು ಅದನ್ನು ಕೇಳಿದ್ದು ಅದೇ ಮೊದಲು. ಮಕ್ಕಳ ಓದು ಕೆಡಬಾರದೆಂದು ಸಾವನ್ನೂ ಕಾಯಿಲೆಯನ್ನೂ ಮುಚ್ಚಿಡುವ ಪದ್ಧತಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದರ ಹಿಂದಿರುವುದು ಪ್ರೀತಿಯೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಮುಚ್ಚಿಟ್ಟ ಒಂದು ಸುದ್ದಿ ಮುಂದಿನ ಎಲ್ಲ ಸುದ್ದಿಗಳ ಮೇಲಿನ ನಂಬಿಕೆಯನ್ನು ತಿಂದುಹಾಕುತ್ತದೆ ಎಂದು ಅವರಿಗೆ ನೇರವಾಗಿ ಹೇಳಿದೆ.

ಅಲ್ಲಿಂದ ಮುಂದಿನ ಸಲಹೆಯೆಲ್ಲ ಒಂದು ಲಿಖಿತ ಒಪ್ಪಂದದ ರೂಪ ತಾಳಿತು. ಆಸ್ಪತ್ರೆಗೆ ದಾಖಲಾಗುವುದು, ಶಸ್ತ್ರಚಿಕಿತ್ಸೆ, ಸಾವು, ಮನೆಯ ಮೇಲೆ ಅಥವಾ ಅಂಗಡಿಯ ಮೇಲೆ ದೊಡ್ಡ ಸಾಲ ಎತ್ತುವುದು, ಇವುಗಳನ್ನು ಅಂದೇ ತಿಳಿಸಬೇಕು, ತಿಳಿಸುವವರು ತಂದೆಯೇ ಆಗಿರಬೇಕು. ಸಂಬಂಧಿಕರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಿಂದ ಮಗಳಿಗೆ ತಿಳಿಯುವಂತಾಗಬಾರದು. ಬರಬೇಕೋ ಬೇಡವೋ ಎಂಬ ತೀರ್ಮಾನ ಮಗಳದು. ಅದಕ್ಕಾಗಿ ಒಮ್ಮೆ ಬಂದು ಹೋಗುವ ಟಿಕೆಟ್ಟಿನಷ್ಟು ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟದಿರಬೇಕು. ಇದಕ್ಕೆ ಪ್ರತಿಯಾಗಿ ಮಗಳು ಅನುತ್ತೀರ್ಣವಾದರೆ, ಹಣ ಕಳೆದುಕೊಂಡರೆ, ಕಾಯಿಲೆ ಬಿದ್ದರೆ, ಇರುವ ಮನೆ ಸುರಕ್ಷಿತವಲ್ಲವೆನಿಸಿದರೆ ಅಮ್ಮನಿಗೆ ಗಾಬರಿಯಾದೀತೆಂದು ಮುಚ್ಚಿಡುವಂತಿಲ್ಲ. ತಾಯಿಯನ್ನು ತಪಾಸಣೆಗೆ ಕರೆದೊಯ್ಯುವ ಕೆಲಸವನ್ನು ಅಷ್ಟು ದಿನ ಮಗಳೇ ಮಾಡುತ್ತಿದ್ದಳು. ಅದನ್ನು ತಮ್ಮನಿಗೆ ವಹಿಸಿ, ಹೊರಡುವ ಮೊದಲೇ ಅವನೊಬ್ಬನೇ ಒಮ್ಮೆ ಕರೆದೊಯ್ದು ಬರುವಂತೆ ಹೇಳಿದೆ. ಜವಾಬ್ದಾರಿಯನ್ನು ವಿಮಾನ ನಿಲ್ದಾಣದಲ್ಲಿ ಹಸ್ತಾಂತರಿಸಲಾಗದು.

ವೀಸಾದ ವಿಷಯದಲ್ಲಿ ನಾನು ಒತ್ತಿ ಹೇಳಿದ ಅಂಶವೊಂದು ಈ ಒಪ್ಪಂದಕ್ಕೇ ಸೇರಿದ್ದು. ಅಲ್ಲಿನ ದೀರ್ಘಾವಧಿ ವಿದ್ಯಾರ್ಥಿ ವೀಸಾ ನಿವಾಸ ಪರವಾನಗಿಯೂ ಹೌದು. ಆದರೆ ಫ್ರಾನ್ಸ್ ತಲುಪಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನಿನಲ್ಲಿ ಶುಲ್ಕ ಕಟ್ಟಿ ಊರ್ಜಿತಗೊಳಿಸಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಅಲ್ಲಿನ ವಾಸ ಕಾನೂನುಬದ್ಧವಾಗಿ ಉಳಿಯುವುದಿಲ್ಲ, ತುರ್ತಾಗಿ ಊರಿಗೆ ಬಂದರೆ ಮರಳಿ ಪ್ರವೇಶಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಮೂರು ತಿಂಗಳು ಕಾಯದೆ ಮೊದಲ ವಾರಗಳಲ್ಲೇ ಮುಗಿಸುವಂತೆ ಹೇಳಿದೆ. ಅನಿವಾರ್ಯವಾಗಿ ಹೊರಡಬೇಕಾಗಿ ಬಂದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಗೆ ಒಂದು ಇಮೇಲ್ ಕಳುಹಿಸಿ, ಗೈರುಹಾಜರಿಗೆ ಕಾರಣ ದಾಖಲಿಸಿಯೇ ಹೊರಡಬೇಕೆಂಬುದನ್ನೂ ಬರೆಸಿದೆ.

ಹಣದ ಲೆಕ್ಕವನ್ನು ತಂದೆ ಮತ್ತು ಮಗಳು ನನ್ನ ಕೊಠಡಿಯಲ್ಲೇ ಕುಳಿತು ಒಂದು ಹಾಳೆಯ ಮೇಲೆ ಹಾಕಿದರು. ವೀಸಾಕ್ಕೆ ಸಾಕಾಗುವ 615 ಯೂರೋ ಲಿಯೋನ್‌ನಂಥ ದೊಡ್ಡ ನಗರದಲ್ಲಿ ಬಾಡಿಗೆ ಸೇರಿ ಬದುಕಲು ಬಿಗಿಯಾಗುತ್ತದೆ. ವಿದ್ಯಾರ್ಥಿ ವಸತಿ ಮತ್ತು ರಿಯಾಯಿತಿ ದರದ ಊಟದ ವ್ಯವಸ್ಥೆ ನಡೆಸುವ ಕ್ರೂಸ್ ಸಂಸ್ಥೆಯ ಕೊಠಡಿ ಸಿಕ್ಕರೆ ಉಸಿರಾಡಬಹುದು. ಖಾಸಗಿ ಮನೆಯಾದರೆ ಪೀಠೋಪಕರಣ ಸಹಿತ ಮನೆಗೆ ಎರಡು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಲು ಕಾನೂನು ಅವಕಾಶ ಕೊಡುತ್ತದೆ. ವಿದ್ಯಾರ್ಥಿಗಳು, ತರಬೇತಿಯಲ್ಲಿರುವವರು ಮುಂತಾದವರಿಗೆ ಇರುವ ಒಂದರಿಂದ ಹತ್ತು ತಿಂಗಳ ‘ಬಾಯ್ ಮೊಬಿಲಿಟೆ’ ಕರಾರಿನಲ್ಲಿ ಅಡ್ವಾನ್ಸ್ ಕೇಳುವಂತೆಯೇ ಇಲ್ಲ. ಫ್ರಾನ್ಸಿನಲ್ಲಿ ಜಾಮೀನುದಾರರಿಲ್ಲದ ವಿದ್ಯಾರ್ಥಿಗಳಿಗೆ ‘ವಿಸಾಲ್’ ಎಂಬ ಉಚಿತ ಖಾತರಿ ಯೋಜನೆಯಿದೆ. ವಸತಿ ಸಹಾಯಧನ ಬಂದೇ ಬರುತ್ತದೆಂದು ಲೆಕ್ಕಕ್ಕೆ ಸೇರಿಸುವುದು ಬೇಡ, ಕೊಠಡಿ ನೋಡದೆ, ಕರಾರು ಓದದೆ ಯಾರಿಗೂ ಹಣ ಕಳುಹಿಸುವುದು ಬೇಡ ಎಂದೆ. ತಂದೆ ಕೊನೆಗೆ, ಮುರಿಯಬೇಕಾದ ಎಫ್‌ಡಿ ಯಾವುದೆಂದು ಮಗಳಿಗೆ ತೋರಿಸಿದರು. ಮೊತ್ತ ಆಕೆ ಹೆದರಿದ್ದಷ್ಟು ಕಡಿಮೆಯಿರಲಿಲ್ಲ. ತಂದೆ ತೋರಿಸಿಕೊಳ್ಳುತ್ತಿದ್ದಷ್ಟು ಹೆಚ್ಚೂ ಇರಲಿಲ್ಲ. ನಿಜವಾದ ಅಂಕಿ ಗೊತ್ತಾದ ವಾರದಲ್ಲೇ ಆಕೆ ವಸತಿಯ ಅರ್ಜಿಯನ್ನು ಕಳುಹಿಸಿದಳು.

ಇನ್ನು ಅಂಕಗಳು. ಇದನ್ನು ನಾನು ಬಹಳ ಹೊತ್ತು ಮಾತಾಡಿದೆ, ಏಕೆಂದರೆ ಇಲ್ಲಿ ಒಂಬತ್ತರ ಮೇಲಿನ ಸಿಜಿಪಿಎ ಇದ್ದ ಮಕ್ಕಳು ಅಲ್ಲಿ ಮೊದಲ ಬಾರಿ ಕುಸಿಯುವುದು ಈ ಜಾಗದಲ್ಲೇ. ಫ್ರಾನ್ಸಿನಲ್ಲಿ ಅಂಕ ಕೊಡುವುದು 20ಕ್ಕೆ. 10 ಬಂದರೆ ಉತ್ತೀರ್ಣ, 12ಕ್ಕೆ ಪರವಾಗಿಲ್ಲವೆಂಬ ಮೆಚ್ಚುಗೆ, 14 ಎಂದರೆ ಚೆನ್ನಾಗಿದೆ, 16 ಎಂದರೆ ಬಹಳ ಚೆನ್ನಾಗಿದೆ. 18, 19 ಕಾಣುವುದು ವಿರಳ. ನಮ್ಮ ಕಣ್ಣಿಗೆ 12 ಎಂದರೆ ಶೇಕಡಾ 60. ಅದನ್ನು ಮನೆಗೆ ಹೇಳಲು ನಾಚಿ ಸುಳ್ಳು ಹೇಳುವ ಮಕ್ಕಳನ್ನು ಕಂಡಿದ್ದೇನೆ. ಹಾಗಾಗಿ ಈ ಪಟ್ಟಿಯನ್ನು ಮಗಳಿಗಲ್ಲ, ತಂದೆಯ ಕೈಗೆ ಬರೆದುಕೊಟ್ಟೆ. ಅದನ್ನು ಅವರು ಅಂಗಡಿಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿಕೊಂಡರಂತೆ.

ಫೋನಿನ ವೇಳೆಯನ್ನೂ ಹೊರಡುವ ಮೊದಲೇ ಗೊತ್ತುಮಾಡಿದೆವು. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಅಕ್ಟೋಬರಿನ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ ವ್ಯತ್ಯಾಸ. ಆಕೆ ರಾತ್ರಿ ಊಟ ಮುಗಿಸಿ ಕೂರುವ ಹೊತ್ತಿಗೆ ಇಲ್ಲಿ ತಾಯಿ ಮಲಗಿ ಬಹಳ ಹೊತ್ತಾಗಿರುತ್ತದೆ. ಲಿಯೋನ್‌ನ ಮಧ್ಯಾಹ್ನ ಹನ್ನೆರಡೂವರೆ ಎಂದರೆ ಇಲ್ಲಿ ಚಳಿಗಾಲದಲ್ಲಿ ಸಂಜೆ ಐದು. ವಾರಕ್ಕೆ ಮೂರು ದಿನ ಆ ವೇಳೆ ಸಾಕು, ಉಳಿದ ದಿನ ಒಂದು ಸಂದೇಶ ಸಾಕು ಎಂದೆ. ದಿನವೂ ಗಂಟೆಗಟ್ಟಲೆ ವೀಡಿಯೊ ಕರೆಯಲ್ಲಿ ಮನೆಯೊಳಗೇ ಇದ್ದರೆ ಅಲ್ಲಿ ಗೆಳೆತನ ಬೆಳೆಯಲು ಬಿಡುವು ಉಳಿಯುವುದಿಲ್ಲ. ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ; ಮೊದಲ ತಿಂಗಳು ದಿನವೂ ಕರೆ, ಆಮೇಲೆ ಮೂರು ದಿನ ಎಂದು ರಾಜಿಯಾಯಿತು.

ನವೆಂಬರ್, ಡಿಸೆಂಬರ್ ತಿಂಗಳುಗಳ ಬಗ್ಗೆ ಎಚ್ಚರಿಸಿದೆ. ಡಿಸೆಂಬರಿನಲ್ಲಂತೂ ಲಿಯೋನ್‌ನಲ್ಲಿ ಸೂರ್ಯ ಹುಟ್ಟುವುದು ಎಂಟರ ನಂತರ, ಮುಳುಗುವುದು ಐದರ ಹೊತ್ತಿಗೆ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಕ್ರಿಸ್‌ಮಸ್ ರಜೆಗೆ ಸಹಪಾಠಿಗಳು ತಮ್ಮ ಊರುಗಳಿಗೆ ಹೋಗಿಬಿಡುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟರೆ, ತರಗತಿ ತಪ್ಪಿಸಬೇಕೆನಿಸಿದರೆ ಮನೆಗೆ ತಿಳಿಸುವುದರ ಜೊತೆಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆರೋಗ್ಯ ಸೇವೆಯಲ್ಲಿ ಮನೋವಿಜ್ಞಾನಿಯ ಭೇಟಿ ಕೇಳಬೇಕು. ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ವಿಮೆಗೆ ವಿದೇಶಿ ವಿದ್ಯಾರ್ಥಿಗಳ ನೋಂದಣಿ ಉಚಿತ. ಜನನ ಪ್ರಮಾಣಪತ್ರ ಆ ನೋಂದಣಿಗೆ ಬೇಕಾಗುತ್ತದೆ. ತುರ್ತಿಗೆ 112, ವೈದ್ಯಕೀಯ ತುರ್ತಿಗೆ 15, ಬದುಕು ಬೇಡವೆನಿಸುವಂಥ ಹೊತ್ತಿಗೆ 3114, ಈ ಸಂಖ್ಯೆಗಳನ್ನು ಆಕೆ ನನ್ನೆದುರೇ ಮೊಬೈಲಿಗೆ ಸೇರಿಸಿಕೊಂಡಳು. ತಾಯಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ಮಗಳನ್ನು ಕಳುಹಿಸಿದ ಕಳವಳಕ್ಕೂ ಅಲ್ಲಿ ಕಿವಿಗೊಡುತ್ತಾರೆ ಎಂದೆ.

ಹೊರಟ ನಂತರ ಆಕೆಯೊಂದಿಗೆ ವೀಡಿಯೊ ಮೂಲಕ ಮಾತುಕತೆ ಮುಂದುವರಿದಿದೆ. ಬೆಳಗಿನ ಜಾವದ ಎಚ್ಚರ ಹೊರಡುವ ಮೊದಲೇ ಕಡಿಮೆಯಾಗಿತ್ತು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ 9 ಬಂದಿತ್ತು. ಅಂದೇ ಮನೆಗೆ ತಿಳಿಸಿದಳು, ತಂದೆ ಕ್ಯಾಲೆಂಡರ್ ತಿರುಗಿಸಿ ನೋಡಿ, ಮರುಪರೀಕ್ಷೆ ಯಾವಾಗ ಎಂದಷ್ಟೇ ಕೇಳಿದರು. ತಾಯಿ ಮಾತ್ರ ಸಕ್ಕರೆ ಏರಿದ್ದನ್ನು ಒಮ್ಮೆ ಮುಚ್ಚಿಟ್ಟಿದ್ದರು. ತಮ್ಮ ಅಕ್ಕನಿಗೆ ತಿಳಿಸಿದ, ಆಕೆ ತಾಯಿಯ ಮೇಲೆ ಸಿಟ್ಟಾದಳು, ಎರಡು ದಿನ ಮಾತು ನಿಂತಿತ್ತು. ಈ ಬಗ್ಗೆ ತಾಯಿಯೊಂದಿಗೆ ಪ್ರತ್ಯೇಕವಾಗಿ ಮಾತಾಡಿದ್ದೇನೆ. ತಪಾಸಣೆಯ ವರದಿ ಬಂದ ದಿನವೇ ಅದರ ಫೋಟೊವನ್ನು ತಮ್ಮನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕೆಂದು ಒಪ್ಪಂದಕ್ಕೆ ಹೊಸ ಸಾಲೊಂದನ್ನು ಸೇರಿಸಲಾಗಿದೆ, ತಾಯಿ ಅದಕ್ಕೆ ಸಹಿ ಹಾಕಿದ್ದಾರೆ.