ಬಾಣಂತಿ ಪಥ್ಯ, ಬಿಳಿ ಅನ್ನ ಮತ್ತು ಥಯಾಮಿನ್ ಕೊರತೆ

ಪ್ರಶ್ನೆ: ನನ್ನ ಮಗಳಿಗೆ ಹೆರಿಗೆಯಾಗಿ ಎರಡು ತಿಂಗಳಾಗಿದೆ. ಪಥ್ಯವೆಂದು ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ ಮಾತ್ರ ಕೊಡುತ್ತಿದ್ದೇವೆ. ಕಾಲು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ ಎನ್ನುತ್ತಾಳೆ. ಪರಿಚಯದ ನರ್ಸ್ ಒಬ್ಬರು ಥಯಾಮಿನ್ ಕೊರತೆ ಇರಬಹುದು ಎಂದರು. ಇದರಿಂದ ಮಗುವಿಗೂ ತೊಂದರೆಯೇ?

ಉತ್ತರ: ನರ್ಸ್ ಅವರ ಅನುಮಾನಕ್ಕೆ ಆಧಾರವಿದೆ, ಮತ್ತು ನನಗೆ ಹೆಚ್ಚು ಚಿಂತೆ ಇರುವುದು ಮಗುವಿನ ಬಗ್ಗೆಯೇ.

ಅನ್ನದಿಂದ ಬರುವ ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಚಿಕ್ಕ ಅಣುವಾದ ಮೇಲೆ, ಅದರಿಂದ ಪೂರ್ಣ ಶಕ್ತಿ ಸಿಗಬೇಕಾದರೆ ಥಯಾಮಿನ್‌ನಿಂದ, ಅಂದರೆ ಬಿ1 ಜೀವಸತ್ವದಿಂದ, ತಯಾರಾಗುವ ಸಹಕಿಣ್ವ (ಕಿಣ್ವಗಳ ಕೆಲಸಕ್ಕೆ ನೆರವಾಗುವ ವಸ್ತು) ಇರಲೇಬೇಕು. ಇಲ್ಲವಾದರೆ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ, ಬಿಡುವಿಲ್ಲದೆ ಶಕ್ತಿ ಬೇಡುವ ಹೃದಯ, ಮಿದುಳು ಮತ್ತು ನರಗಳು ಮೊದಲು ಸೋಲುತ್ತವೆ. ದೇಹದಲ್ಲಿ ಇದರ ದಾಸ್ತಾನು ಸುಮಾರು 25ರಿಂದ 30 ಮಿಲಿಗ್ರಾಂ ಮಾತ್ರ, ಅದು ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಅನ್ನ ಹೆಚ್ಚು ಉಂಡಷ್ಟೂ ಥಯಾಮಿನ್ ಹೆಚ್ಚು ಬೇಕು, ಆದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ತೌಡಿನೊಂದಿಗೇ ಹೋಗಿರುತ್ತದೆ. ಉಳಿದ ಅಲ್ಪಸ್ವಲ್ಪವೂ ಅಕ್ಕಿ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹರಿದುಹೋಗುತ್ತದೆ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಇಂಥ ಅನ್ನ ತಿಂದು ಕಾಲು ಸೋತು ಬಿದ್ದ ಕೋಳಿಗಳು ತೌಡು ಕೊಟ್ಟಾಗ ಚೇತರಿಸಿಕೊಳ್ಳುವುದನ್ನು ಕಂಡಿದ್ದರು. ಕರಾವಳಿಯವರ ಕುಚ್ಚಲಕ್ಕಿಯಲ್ಲಿ ಈ ನಷ್ಟ ಕಡಿಮೆ, ಏಕೆಂದರೆ ಭತ್ತ ಬೇಯಿಸುವಾಗ ತೌಡಿನ ಥಯಾಮಿನ್ ಕಾಳಿನೊಳಕ್ಕೆ ಇಳಿಯುತ್ತದೆ.

ಮಗಳಿಗಿರುವ ಜೋಮು, ಉರಿ ಬೆರಿಬೆರಿಯ, ಅಂದರೆ ಥಯಾಮಿನ್ ಕೊರತೆಯಿಂದ ಬರುವ ಕಾಯಿಲೆಯ, ನರಸಂಬಂಧಿ ರೂಪಕ್ಕೆ ಹೊಂದುತ್ತವೆ. ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಏಳಲು ಕಷ್ಟವಾಗುತ್ತದೆಯೇ ನೋಡಿ. ಕಾಲು ಊತ, ಏದುಸಿರು, ಎದೆಬಡಿತ ಕಂಡರೆ ಹೃದಯಕ್ಕೂ ತಟ್ಟಿದೆ ಎಂದರ್ಥ. ಬಿ12 ಕೊರತೆ, ಮಧುಮೇಹಗಳಲ್ಲಿಯೂ ಜೋಮು ಬರುವುದರಿಂದ ಆ ಪರೀಕ್ಷೆಗಳೂ ಆಗಲಿ.

ಎದೆಹಾಲಿನಲ್ಲಿ ಥಯಾಮಿನ್ ಎಷ್ಟಿರುತ್ತದೆ ಎಂಬುದು ತಾಯಿಯ ಆಹಾರವನ್ನು ಅವಲಂಬಿಸಿದೆ. ತಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ, ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಕುಡಿಯುವುದನ್ನು ಬಿಡಬಹುದು, ವಾಂತಿ ಮಾಡಬಹುದು, ವೇಗವಾಗಿ ಉಸಿರಾಡಬಹುದು. ದನಿ ಕಟ್ಟುತ್ತದೆ, ಬಾಯಿ ತೆರೆದು ಅತ್ತರೂ ಸದ್ದು ಹೊರಡುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಮತ್ತು ತಾಯಿ ಪಥ್ಯದಲ್ಲಿರುವ ಸಂಗತಿಯನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ಏಕೆಂದರೆ ಇದು ನ್ಯುಮೋನಿಯಾದಂತೆಯೇ ಕಾಣಿಸುತ್ತದೆ. ಹೃದಯ ವಿಫಲವಾಗಿ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಸಕಾಲದಲ್ಲಿ ಥಯಾಮಿನ್ ಚುಚ್ಚುಮದ್ದು ಸಿಕ್ಕರೆ ಅಷ್ಟೇ ಬೇಗ ಚೇತರಿಕೆಯೂ ಕಾಣುತ್ತದೆ.

ಬಾಣಂತನದ ಆರೈಕೆಯನ್ನು ನಾನು ಹಳಿಯುತ್ತಿಲ್ಲ. ಎಳ್ಳು, ಮೆಂತ್ಯ, ಬೆಳ್ಳುಳ್ಳಿ ಬಳಸುವ ಮನೆಗಳ ಪಥ್ಯ ಎಷ್ಟೋ ಮೇಲು. ಬೇಳೆ ತಿಂದರೆ ಕೂಸಿಗೆ ವಾಯುವಾಗುತ್ತದೆಂಬ ಹೆದರಿಕೆಗೆ ಮಾತ್ರ ಆಧಾರವಿಲ್ಲ. ತೊಗರಿ, ಹೆಸರು, ಕಡಲೆ, ಶೇಂಗಾ, ರಾಗಿ, ಇಡೀ ಗೋಧಿ ಇಂದಿನಿಂದಲೇ ಕೊಡಿ. ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿ, ಅದು ಥಯಾಮಿನ್ ಅನ್ನು ನಾಶಮಾಡುತ್ತದೆ. ಊಟದ ಮೇಲಿನ ಎಲೆ ಅಡಿಕೆ, ಗಟ್ಟಿ ಚಹಾ ಕೂಡ ಅದು ದಕ್ಕದಂತೆ ಮಾಡುತ್ತವೆ.

ಆಹಾರವೊಂದರಿಂದಲೇ ಈ ಹಂತದ ಕೊರತೆ ಬೇಗ ತುಂಬುವುದಿಲ್ಲವಾದ್ದರಿಂದ ಇದೇ ವಾರ ವೈದ್ಯರನ್ನು ಕಂಡು ಥಯಾಮಿನ್ ಮಾತ್ರೆ ಆರಂಭಿಸಬೇಕು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದರಿಂದ ಭಯ ಬೇಡ. ತಾಯಿಯ ಮಾತ್ರೆಯನ್ನು ಮುರಿದು ಕೂಸಿಗೆ ತಿನ್ನಿಸಬೇಡಿ, ಅದರ ಪ್ರಮಾಣವನ್ನು ಮಕ್ಕಳ ತಜ್ಞರೇ ನಿರ್ಧರಿಸಲಿ.