ಸಿಡಿ ಓಡುತ್ತದೆ, ಡಿವಿಡಿ ಮಾತ್ರ ಓಡಲ್ಲ. ಡ್ರೈವ್ ಹೋಯಿತಾ?

ಕಂಪ್ಯೂಟರಿನಲ್ಲಿ ಹಾಡಿನ ಸಿಡಿ ಚೆನ್ನಾಗಿ ಓಡುತ್ತದೆ, ಮನೆಯವರ ಹಳೆಯ ವಿಡಿಯೊ ಇರುವ ಡಿವಿಡಿ ಹಾಕಿದರೆ ಮಾತ್ರ ಖಾಲಿ ಅಂತ ತೋರಿಸುತ್ತದೆ, ಹೊಸ ಡ್ರೈವ್ ತರಬೇಕಾ ಅಂತ ಕೇಳಿದ್ದೀರಿ. ಈಗಲೇ ತರಬೇಡಿ.

ಹಾಗಂತ, ಸಿಡಿ ಓಡಿತು ಎಂದ ಮಾತ್ರಕ್ಕೆ ಡ್ರೈವ್ ಸರಿ ಇದೆ ಅಂತಲೂ ಅಲ್ಲ. ಸಿಡಿ ಓದಲು 780 ನ್ಯಾನೊಮೀಟರಿನ ಲೇಸರ್ ಬೇಕು, ಡಿವಿಡಿಗೆ 650 ನ್ಯಾನೊಮೀಟರಿನದು. ಒಂದು ಕೈಕೊಟ್ಟರೂ ಇನ್ನೊಂದು ಕೆಲಸ ಮಾಡುತ್ತಲೇ ಇರಬಹುದು. ಅದಕ್ಕೇ ಮೊದಲು ಬೇರೊಂದು ಡಿವಿಡಿ ಹಾಕಿ ನೋಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ್ದು ಬೇಡ, ಸಿನಿಮಾದ ಡಿಸ್ಕ್ ಇದ್ದರೆ ಒಳ್ಳೆಯದು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅದರ ಫೋಲ್ಡರ್‌ಗಳು ಕಂಡರೆ ಡ್ರೈವ್ ಓದುತ್ತಿದೆ ಅಂತ ಅರ್ಥ. ಫೋಲ್ಡರ್ ಕಂಡೂ ಸಿನಿಮಾ ಓಡದಿದ್ದರೆ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ವಿಂಡೋಸ್ 10, 11ರಲ್ಲಿ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ಜೊತೆಗೇ ಬರುವುದಿಲ್ಲ.

ಯಾವ ಡಿವಿಡಿಯೂ ಕಾಣಲಿಲ್ಲವಾ? ಆಗ ಡ್ರೈವ್ ಮೇಲೇ ಅನುಮಾನ. ಆದರೂ ಕೊಳ್ಳುವ ಮುಂಚೆ ಯಾರ ಹತ್ತಿರವಾದರೂ ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಇದ್ದರೆ ಕೇಳಿ ತಂದು ನೋಡಿ.

ನಿಮ್ಮ ಡಿಸ್ಕ್ ಒಂದೇ ಖಾಲಿ ಅನ್ನುತ್ತಿದ್ದರೆ, ನನಗೆ ಜಾಸ್ತಿ ಅನುಮಾನ ಇರುವುದು ಫೈನಲೈಸ್ ಮೇಲೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಕೊನೆಗೊಮ್ಮೆ ಸಿದ್ಧಮಾಡಿ ಮುಗಿಸುವ ಕೆಲಸದ ಮೇಲೆ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಟಿವಿ ಪಕ್ಕದ ರೆಕಾರ್ಡರಿನಲ್ಲಿ ಓಡುತ್ತಿದ್ದ ಡಿಸ್ಕ್ ಕಂಪ್ಯೂಟರಿನಲ್ಲಿ ಪೂರ್ತಿ ಖಾಲಿ! ವಿಡಿಯೊ ಹೋಯಿತು ಅಂತ ಎರಡು ದಿನ ಸಂಕಟಪಟ್ಟೆ. ರೆಕಾರ್ಡಿಂಗ್ ಮುಗಿದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡದಿದ್ದರೆ ಬೇರೆ ಯಂತ್ರಗಳಿಗೆ ಎಷ್ಟೋ ಸಲ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಅದೇ ರೆಕಾರ್ಡರಿಗೆ ಹಾಕಿ, ಮೆನುವಿನಲ್ಲಿ ಫೈನಲೈಸ್ ಒತ್ತಿದೆ, ಆಮೇಲೆ ಕಂಪ್ಯೂಟರಿನಲ್ಲೂ ಬಂತು. ಆ ರೆಕಾರ್ಡರ್ ಅಥವಾ ಕ್ಯಾಮೆರಾ ಈಗ ಇಲ್ಲ ಅಂದರೆ ಐಸೊಬಸ್ಟರ್ ಥರದ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಫೈನಲೈಸ್ ಆಗದ ಡಿಸ್ಕನ್ನೂ ಅದು ಓದಬಲ್ಲದು.

ಒಂದು ಮಾತು ದಯವಿಟ್ಟು ನೆನಪಿಡಿ. ಇಂಥ ಡಿಸ್ಕ್ ಹಾಕಿದಾಗ ವಿಂಡೋಸ್ 'ಈ ಡಿಸ್ಕನ್ನು ಹೇಗೆ ಬಳಸುತ್ತೀರಿ' ಅಂತ ಕೇಳಬಹುದು. ಕ್ಯಾನ್ಸಲ್ ಒತ್ತಿ. ಫಾರ್ಮ್ಯಾಟ್‌ಗೆ ಒಪ್ಪಿದರೆ ಇರುವ ವಿಡಿಯೊಗೂ ಕುತ್ತು.

ಡಿಸ್ಕ್ ಕೊಳೆಯಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ವಿಡಿಯೊದ ಮಾಹಿತಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅಷ್ಟನ್ನು ಡ್ರೈವ್ ತಾನೇ ಸರಿಮಾಡಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೂ ಬಿದ್ದ ಗೀರನ್ನು ಸರಿಮಾಡಿಕೊಳ್ಳುವುದು ಅದಕ್ಕೂ ಕಷ್ಟ. ಥಿನ್ನರ್ ಅಂತೂ ಮುಟ್ಟಿಸಲೇಬೇಡಿ.

ಇನ್ನೊಂದು ಡ್ರೈವಿನಲ್ಲಾದರೂ ಸರಿ, ಡಿಸ್ಕ್ ಒಂದು ಸಲ ತೆರೆದುಕೊಂಡರೆ ಸುಮ್ನೆ ನೋಡುತ್ತಾ ಕೂರಬೇಡಿ. ಮೊದಲು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದೇ 4.7 ಜಿಬಿ, ಜಾಗ ಹೆಚ್ಚೇನೂ ಬೇಕಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದ ಡಿವಿಡಿ-ಆರ್ ಒಳಗಿನ ಬಣ್ಣದ ಪದರ ವರ್ಷ ಕಳೆದಂತೆ, ಬಿಸಿಲಿಗೆ ಬಿದ್ದರಂತೂ ಇನ್ನೂ ಬೇಗ, ಕೆಡುತ್ತದೆ.

ಬೇರೆ ಡಿವಿಡಿ ಹಾಕಿದಾಗ ಏನು ಕಂಡಿತು ಅಂತ ಬರೆಯಿರಿ, ಮುಂದಿನದು ನೋಡೋಣ.